ಬಚ್ಚಲ ನಲ್ಲಿಗೆ ನಾನು ಹಾಕಿದ ಪೈಪು

ಗೆಳೆಯರೇ, ಹೆಂಡತಿ ರಂಗಮ್ಮನ ಕೈಗಂಟು ಊದಿ ಬಟ್ಟೆ ಹಿಂಡಲಾಗುತ್ತಿಲ್ಲವೆಂದು ಸಣ್ಣದೊಂದು ವಾಷಿಂಗ್ ಮಿಷಿನ್ ತಂದಿದ್ದೆ. ಇವತ್ತು ಬೆಳಿಗ್ಗೆ ಅದರ ಪೈಪನ್ನು ಬಚ್ಚಲ ನಲ್ಲಿಗೆ ನಾನೇ ಜೋಡಿಸಿ, ಹಳೆಯ ಸೈಕಲ್ ಟ್ಯೂಬು ಸುತ್ತಿ ಬಿಗಿದೆ. ಸಿರಾದ ಯಾವ ಮೇಸ್ತ್ರಿಗೂ ಈ ಉಪಾಯ ಹೊಳೆಯುತ್ತಿರಲಿಲ್ಲ.

"ಇನ್ಮೇಲೆ ನೀನು ನೀರು ಮುಟ್ಟಂಗಿಲ್ಲ ಕಣೇ!" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ, ಮಿಷಿನ್ನಿಗೆ ಕುಂಕುಮ ಇಟ್ಟು ನಲ್ಲಿ ತಿರುಗಿಸಿದೆ. ಬುಸ್ಸೆಂದು ಬರೀ ಗಾಳಿ ಬಂತು.

"ನಮ್ ಬೀದಿಗೆ ನೀರು ಬುಡೋದು ನಾಳೆ ಕಣ್ರೀ. ಯಾವತ್ತಾದ್ರೂ ನೀರು ಹಿಡಿದಿದ್ರೆ ತಾನೆ ನಿಮಗೆ ಗೊತ್ತಾಗೋದು?" ಎಂದು ನಕ್ಕ ರಂಗಮ್ಮ ಬಿಂದಿಗೆ ಎತ್ತಿಕೊಂಡಳು. ನಾನು ಕಿತ್ತುಕೊಂಡೆ.

ಬೀದಿ ಕೊನೆಯ ಬೋರ್‌ವೆಲ್ಲಿನಿಂದ ಹನ್ನೊಂದು ಬಿಂದಿಗೆ ಹೊತ್ತು ಮಿಷಿನ್ನಿಗೆ ಸುರಿದೆ. ರಂಗಮ್ಮ ಜಗಲಿಯಲ್ಲಿ ಕೂತು ಎಣಿಸಿದಳು. ಅವಳ ಕೈ ಒಣಗಿಯೇ ಇತ್ತು.

ಒಂದು ಮಾತು, ನಾನು ಹಾಕಿದ ಪೈಪು ಮಾತ್ರ ಇವತ್ತು ಒಂದು ಹನಿಯೂ ಸೋರಲಿಲ್ಲ.