ಡ್ರಮ್ಮಿನ ನೀರು

ಸೌದಿಯ ದಹ್ರಾನಿನ ನಮ್ಮ ಕ್ಯಾಂಪಿನ ಪ್ಲಂಬರ್ ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸ್ಲಿಮರು. ಎಲ್ಲಿ ಸೋರಿದರೂ ಮೊದಲು ಬೆರಳಿಟ್ಟು ನೋಡುತ್ತಿದ್ದರು. "ಕೈಗೆ ಗೊತ್ತಾಗ್ಬೇಕು ಮಾರಾಯ" ಎನ್ನುತ್ತಿದ್ದರು.

ಒಮ್ಮೆ ಮಂಗಳೂರಿನ ಎಂಜಿನಿಯರೊಬ್ಬರು ಮನೆಯಲ್ಲಿ ಕದ್ದು ಬಿಯರ್ ಹುದುಗಿಸುತ್ತಿದ್ದ ಡ್ರಮ್ಮಿನ ನಲ್ಲಿ ಸೋರತೊಡಗಿತು. ವಾಸನೆ ಹೊರಗೆ ಹೋದರೆ ಜೈಲೇ ಗತಿ. ಎಲೆಕ್ಟ್ರಿಷಿಯನ್ ಆಗಿದ್ದ ನಾನೇ ಪ್ಲಂಬರನ್ನು ಕರೆದೊಯ್ದೆ.

ಅವರು ಡ್ರಮ್ಮು ನೋಡಿ ಕೈಗಳನ್ನು ಹಿಂದೆ ಕಟ್ಟಿಕೊಂಡರು. "ಇದನ್ನು ನಾನು ಮುಟ್ಟುದಿಲ್ಲ ಸಾರ್. ಚೆಲ್ಲಿ, ತೊಳೆದು, ನೀರು ತುಂಬಿಸಿ. ನೀರಿನ ಡ್ರಮ್ಮಾದ್ರೆ ಸರಿ ಮಾಡ್ತೇನೆ."

ಎಂಜಿನಿಯರ್ ಮುಖ ಸಣ್ಣದು ಮಾಡಿಕೊಂಡು ಎಲ್ಲವನ್ನೂ ಚೆಲ್ಲಿ, ತೊಳೆದು, ನೀರು ತುಂಬಿಸಿದರು. ಪ್ಲಂಬರ್ ಬೆರಳಿಟ್ಟು ನೋಡಿ, ವಾಷರ್ ಬದಲಾಯಿಸಿ, ಅದೇ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ಬಿಸ್ಮಿಲ್ಲಾ ಎಂದು ಕುಡಿದರು.

ಆಮೇಲೆ ಆ ದಾರಿಯಲ್ಲಿ ಹೋದಾಗಲೆಲ್ಲ ಎಂಜಿನಿಯರ್ ಮನೆಯ ಬಾಗಿಲು ತಟ್ಟುತ್ತಿದ್ದರು.

"ಸಾರ್, ಬಾಯಾರಿಕೆ. ಆ ಡ್ರಮ್ಮಿಂದ ಒಂದು ಲೋಟ ನೀರು ಕೊಡ್ತೀರಾ?"