ಮಡಿಕೆಯಲ್ಲಿ ಬಿಟ್ಟ ನಾಲ್ಕು ಬೆರಳು

ನಮ್ಮ ಮನೆಯವರು ದರ್ಜಿ. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದರು. ಕಾಜಾ, ಗುಂಡಿ, ಮಡಿಕೆ ನನ್ನ ಪಾಲು. ಅವರ ಕೊರಳಲ್ಲಿ ಸದಾ ಟೇಪು ನೇತಾಡುತ್ತಿತ್ತು, ಬೀದಿಯವರು ಟೇಪಣ್ಣ ಎನ್ನುತ್ತಿದ್ದರು. ಅವರು ಹೋಗಿ ಆರು ತಿಂಗಳಾಯಿತು. ಅತ್ತು ಸಾಕಾಗಿದೆ. ನಗಿಸಿದ್ದನ್ನು ಬರೆಯುತ್ತೇನೆ.

ನಮ್ಮವು ಅವಳಿ ಮಕ್ಕಳು, ಒಂದು ಹೆಣ್ಣು, ಒಂದು ಗಂಡು. ಹನ್ನೆರಡು ತುಂಬುವವರೆಗೂ ಇಬ್ಬರಿಗೂ ಒಂದೇ ಅಳತೆ. ಆಮೇಲೆ ಮಗಳು ದಿಢೀರನೆ ಎತ್ತರ ಬೆಳೆದಳು. ಮೂಗಿನ ಮೇಲೆ ಮೊಡವೆ, ಮೂಗಿನ ತುದಿಯಲ್ಲಿ ಸಿಟ್ಟು. ತಮ್ಮನ ತಲೆಯ ಮೇಲೆ ಮೊಣಕೈ ಊರಿ ನಿಲ್ಲುತ್ತಿದ್ದಳು.

"ಒಳ್ಳೇ ಸ್ಟೂಲು ಸಿಕ್ತು ನನಗೆ."

ಹುಡುಗ ಉಣ್ಣುವುದು ಬಿಟ್ಟ. ತನ್ನೊಳಗೆ ಏನೋ ಕೆಟ್ಟಿದೆ, ತಾನು ಹೀಗೇ ಉಳಿದುಬಿಡುತ್ತೇನೆ ಎಂದು ಅವನ ಹೆದರಿಕೆ.

ಬಟ್ಟೆ ಕೊಡಲು ಬಂದ ನರ್ಸಮ್ಮನನ್ನು ಇವರು ಕೇಳಿದರು. ಆಕೆ ಕುರ್ಚಿ ಎಳೆದು ಕೂತಳು.

"ಅಣ್ಣ, ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಒಂದು ಗ್ರಂಥಿ ಇರುತ್ತೆ. ಹೊತ್ತು ಬಂದಾಗ ಮೆದುಳು ಅದನ್ನ ಎಬ್ಬಿಸುತ್ತೆ. ಅದು ರಕ್ತದಲ್ಲಿ ಹಾರ್ಮೋನು ಬಿಡುತ್ತೆ. ಹುಡುಗೀರಲ್ಲಿ ಅದು ಅಂಡಾಶಯಕ್ಕೆ ಹೋಗುತ್ತೆ, ಹುಡುಗರಲ್ಲಿ ವೃಷಣಕ್ಕೆ. ಅವು ಎಚ್ಚೆತ್ತು ತಮ್ಮ ಹಾರ್ಮೋನು ಮಾಡ್ತವೆ. ಎದೆ, ಮುಟ್ಟು, ಮೀಸೆ, ದನಿ, ಎಲ್ಲಾ ಅದರದ್ದೇ ಆಟ. ಹುಡುಗೀರು ಸಾಮಾನ್ಯವಾಗಿ ಒಂದೆರಡು ವರ್ಷ ಮೊದಲೇ ಎತ್ತರ ಆಗ್ತಾರೆ. ಇವನಿಗೆ ಹದಿನಾಲ್ಕು ದಾಟಿದ್ರೂ ಏನೂ ಕಾಣದಿದ್ರೆ ಡಾಕ್ಟರಿಗೆ ತೋರಿಸಿ."

"ಅಂದ್ರೆ ಇವನ ಬಟಾಣಿ ಇನ್ನೂ ಗೊರಕೆ ಹೊಡೀತಿದೆ," ಎಂದರು ಇವರು.

ನರ್ಸಮ್ಮ ನಕ್ಕು ಬಿಕ್ಕಳಿಸಿದಳು. ಹುಡುಗ ಮಾತ್ರ ನಗಲಿಲ್ಲ.

ಆ ದಿನವೇ ಇವರು ಕೊರಳ ಟೇಪಿನಿಂದ ಅವನನ್ನು ಅಳೆದರು. ಐವತ್ತನಾಲ್ಕು ಇಂಚು. ಪ್ಯಾಂಟು ಹೊಲಿದು ಕಾಲ ಬಳಿ ನಾಲ್ಕು ಬೆರಳಷ್ಟು ಬಟ್ಟೆ ಒಳಗೆ ಮಡಿಸಿ ಬಿಟ್ಟರು.

"ವರ್ಷದೊಳಗೆ ಇದನ್ನ ಬಿಚ್ಚದಿದ್ರೆ ನಾನು ಕತ್ತರಿ ಮುಟ್ಟಲ್ಲ. ತಗೋ, ನೀನೇ ಅಳೀತಾ ಇರು," ಎಂದು ಡ್ರಾಯರಿನಿಂದ ಹಳೆಯ ಟೇಪು ಕೊಟ್ಟರು.

ಪ್ರತಿ ಭಾನುವಾರ ಅಕ್ಕ ಅಳೆದಳು. ಏಳು ತಿಂಗಳು ಕಳೆದರೂ ಐವತ್ತನಾಲ್ಕು ದಾಟಲಿಲ್ಲ. ಹುಡುಗ ಕನ್ನಡಿ ನೋಡುವುದನ್ನೂ ಬಿಟ್ಟ. ಆದರೆ ಅವನ ಕಣಕಾಲು ನನಗೆ ಕಾಣುತ್ತಿತ್ತು.

"ಲೋ, ನೀನು ಬೆಳೆದಿದೀಯ ಕಣೋ."

"ಇಲ್ಲ. ನೀನು ಒಗೆದು ಒಗೆದು ಪ್ಯಾಂಟು ಕುಗ್ಗಿಸಿದೀಯ. ಟೇಪು ನೋಡು."

ನನಗೆ ರೇಗಿತು. ಅವನನ್ನೂ ಟೇಪನ್ನೂ ಅಂಗಡಿಗೆ ಎಳೆದೊಯ್ದೆ. ಇವರು ಪೋಸ್ಟ್‌ಮ್ಯಾನಿನ ಎದೆ ಅಳೆಯುತ್ತಿದ್ದರು. ಟೇಪು ನೋಡಿ ಹಣೆ ಚಚ್ಚಿಕೊಂಡರು. ಎರಡೂ ಟೇಪುಗಳನ್ನು ಮೇಜಿನ ಮೇಲೆ ಜೋಡಿಸಿ ಹಾಸಿದರು. ಹಳೆಯದು ಎರಡು ಇಂಚು ಹೆಚ್ಚು ಉದ್ದ. ಎಳೆದು ಎಳೆದು ಹಿಗ್ಗಿಹೋಗಿದೆ ಎಂದು ತಾವೇ ಡ್ರಾಯರಿಗೆ ಬಿಸಾಡಿದ್ದನ್ನು ಮರೆತು ಮಗನಿಗೆ ಕೊಟ್ಟಿದ್ದರು. ಹುಡುಗ ಬೆಳೆದಷ್ಟನ್ನೂ ಟೇಪು ನುಂಗಿತ್ತು.

ಹೊಸ ಟೇಪು ಹಿಡಿದರೆ ಐವತ್ತಾರು. ಇವರು ಕುಣಿದರು. ಮಗನನ್ನು ಹೊತ್ತುಕೊಂಡು ಬೀದಿಗೆ ಓಡಿದರು.

"ಬಟಾಣಿ ಎದ್ದಿದೆ," ಎಂದು ಕಂಡವರಿಗೆಲ್ಲ ಹೇಳಿದರು. ಯಾರಿಗೂ ಅರ್ಥವಾಗಲಿಲ್ಲ, ಎಲ್ಲರೂ ನಕ್ಕರು.

"ಟೇಪಣ್ಣ, ನಾನು ಕೈ ಇಳಿಸಬಹುದಾ?" ಅಂಗಡಿಯೊಳಗಿಂದ ಪೋಸ್ಟ್‌ಮ್ಯಾನ್ ಕೇಳಿದ.

ಅವತ್ತು ಎರಡು ಬೆರಳು ಬಿಚ್ಚಿದರು. ಇನ್ನೆರಡು ಆಮೇಲೆ ಎಂದರು. ಮೂರು ತಿಂಗಳಿಗೆ, ಬಟ್ಟೆ ಕತ್ತರಿಸುತ್ತ ಮೇಜಿಗೆ ಒರಗಿದವರು ಏಳಲಿಲ್ಲ.

ಹೋದ ವಾರ ಆ ಎರಡು ಬೆರಳು ನಾನು ಬಿಚ್ಚಿದೆ. ಒಳಗಿನ ನೀಲಿ ಇನ್ನೂ ಹೊಸದು. ಅವರ ಸೀಮೆಸುಣ್ಣದ ಗೆರೆ ಹಾಗೇ ಇತ್ತು. ಅದರ ಮೇಲೆ ಬೆರಳು ಇಟ್ಟು ಕೂತಿದ್ದೆ.

"ಆಯ್ತೇನೇ?"

ಬೆನ್ನ ಹಿಂದೆ ಅವರದೇ ದನಿ. ಸೂಜಿ ಬಿತ್ತು. ತಿರುಗಿದರೆ ಮಗ. ಅಪ್ಪ ನನ್ನನ್ನು ಕೇಳುತ್ತಿದ್ದ ಹಾಗೆ ಕೇಳಲು ಹೋಗಿದ್ದ. "ಅಮ್ಮ, ತಮಾಷೆಗೆ..." ಎನ್ನುವಷ್ಟರಲ್ಲಿ ಆ ದನಿ ಒಡೆದು ಪೀಪಿಯಂತೆ ಕೀರಲಾಯಿತು. ಮಗಳು ನೆಲಕ್ಕೆ ಬಿದ್ದು ನಕ್ಕಳು. ಅವನೂ ನಕ್ಕ.

ನಾನೂ ನಕ್ಕೆ. ಆರು ತಿಂಗಳಿಗೆ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು.