ಕ್ರಾಸ್ ದಾಟಿಸಿದ ಅಕ್ಕಾರು

ಅಕ್ಕಾರ ತಲೆಯಲ್ಲಿ ಸಿಕ್ಕಿಸಿದ ಪೆನ್ನು ಬೀಳುವ ಮಾತೇ ಇರಲಿಲ್ಲ. ಅರ್ಧ ನರೆತ, ದಟ್ಟ ಗುಂಗುರು ಕೂದಲು. ಕಚೇರಿಯ ಜೀಪು ದಾಂಡೇಲಿಯಿಂದ ಕುಳಗಿಯವರೆಗೆ ಗುಂಡಿ ಗುಂಡಿ ಹಾರಿದರೂ ಪೆನ್ನು ಇದ್ದಲ್ಲೇ ಇರುತ್ತಿತ್ತು. ಕಚೇರಿಯಲ್ಲಿ ಯಾರ ಪೆನ್ನು ಕಳೆದರೂ ಮೊದಲು ಅಲ್ಲಿ ಹುಡುಕುತ್ತಿದ್ದರು. ಒಮ್ಮೆ ಒಟ್ಟಿಗೇ ಮೂರು ಸಿಕ್ಕವು. “ಈ ವರ್ಷ ಬೆಳಿ ಛಲೋ ಬಂದೈತಿ” ಎಂದು ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದು ಈ ಕಾಡಿನಲ್ಲಿ ನೆಲೆಸಿದ ಸಿದ್ದಿಗಳ ಪೈಕಿ, ತೇರಗಾಂವದ ಮನೆತನದ ಹೆಣ್ಣುಮಗಳು. ಓದಿ, ಪರೀಕ್ಷೆ ಬರೆದು, ದಾಂಡೇಲಿಯಲ್ಲಿ ಹೆಣ್ಣುಮಕ್ಕಳ ಕಲ್ಯಾಣ ನೋಡುವ ಅಧಿಕಾರಿಯಾಗಿದ್ದರು. ಕಚೇರಿಯವರಿಗೆ ಮೇಡಂ, ಹಳ್ಳಿಯವರಿಗೆ ಅಕ್ಕಾರು. ನಾನು ಮೊದಲ ವಾರ ಮೇಡಂ ಎಂದೆ, ಆಮೇಲೆ ಬಾಯಿ ತಾನಾಗಿ ಅಕ್ಕಾರ್ರೀ ಎನ್ನತೊಡಗಿತು. ನದಿಯಲ್ಲಿ ದೋಣಿ ಆಡಲು ಬಂದ ಪ್ರವಾಸಿಗನೊಬ್ಬ ಚಹಾದಂಗಡಿಯಲ್ಲಿ ಅವರ ಮುಖ ನೋಡಿ, ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳಿದ. ಅಕ್ಕಾರು ಚಹಾ ಊದುತ್ತ, “ತೇರಗಾಂವ ದೇಶ ರೀ. ವೀಸಾ ಏನೂ ಬೇಕಾಗೂದಿಲ್ಲ, ಊಟಕ್ಕ ಬರ್ರಿ” ಎಂದರು. ಪಾಪ, ಅವನು ಕನ್ನಡದವನೇ ಆಗಿದ್ದ. ಅವನ ಚಹಾ ಕಪ್ಪಿನಲ್ಲೇ ಉಳಿಯಿತು.

ನಾನು ದಾಂಡೇಲಿಯ ಗ್ಯಾರೇಜ್ ಮಿಸ್ತ್ರಿಯ ಮಗಳು. ಧಾರವಾಡದಲ್ಲಿ ಸಾರ್ವಜನಿಕ ನೀತಿ ಎಂ.ಎ. ಓದುತ್ತಿದ್ದೆ. ಅದೇನು ಓದು ಎಂದು ನಮ್ಮ ಓಣಿಯವರಿಗೆ ವಿವರಿಸುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ನಮ್ಮ ಅಬ್ಬಾ ಮಾತ್ರ ಗಿರಾಕಿಗಳೆದುರು “ಸರ್ಕಾರ ನಡಸೂ ಓದು” ಎಂದು ಒಂದೇ ಏಟಿಗೆ ಮುಗಿಸುತ್ತಿದ್ದರು. ಕೊನೆಯ ಸೆಮಿಸ್ಟರಿನಲ್ಲಿ ಒಬ್ಬ ಅಧಿಕಾರಿಯ ಕೈಕೆಳಗೆ ಪ್ರಾಕ್ಟಿಕಂ, ಅಂದರೆ ಪ್ರತ್ಯಕ್ಷ ಕೆಲಸ, ಮಾಡಬೇಕು. ಅವರು ಒಪ್ಪಿ ಸಹಿ ಹಾಕಿದರೆ ಕ್ರೆಡಿಟ್, ಇಲ್ಲದಿದ್ದರೆ ಪದವಿ ಇಲ್ಲ. ಹಾಗೆ ನಾನು ಅಕ್ಕಾರ ಮೇಜಿನ ಮುಂದೆ ಬಂದು ನಿಂತದ್ದು.

ನಾನು ಒಯ್ದಿದ್ದ ದಪ್ಪ ಪ್ರಸ್ತಾವವನ್ನು ಅವರು ತೆರೆಯಲೇ ಇಲ್ಲ. “ಜೀಪು ಹತ್ತು” ಎಂದರು. ಕುಳಗಿ ದಾಟಿ ಒಂದು ಕ್ರಾಸಿನಲ್ಲಿ ಇಳಿಸಿದರು. ಸಂಜೆಯ ಬಸ್ಸು ಅಲ್ಲಿಯವರೆಗೆ ಬಂದು, ಜನರನ್ನು ಇಳಿಸಿ, ತಿರುಗಿ ದಾಂಡೇಲಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಕಾಡಿನ ರಸ್ತೆ, ರಸ್ತೆಯ ಕೊನೆಗೆ ಸಿದ್ದಿಗಳ ಒಂದು ವಾಡಾ, ಅಂದರೆ ಒಂದಷ್ಟು ಮನೆಗಳ ಕೇರಿ. ಬಸ್ಸಿನಿಂದ ಪಿಯುಸಿ ಓದುವ ಒಬ್ಬ ಹುಡುಗಿ ಇಳಿದಳು. ಅವಳನ್ನು ಕರೆದೊಯ್ಯಲು ತಾಯಿ ಕೈಯಲ್ಲಿ ಕೋಲು ಹಿಡಿದು ನಿಂತಿದ್ದಳು.

“ದಸರಾ ಸೂಟಿ ತನಕ ಅಷ್ಟ ರೀ ಅಕ್ಕಾರ,” ಎಂದಳು ತಾಯಿ. “ಆಮ್ಯಾಲ ಕಾಲೇಜು ಬಿಡಸ್ತೇನಿ. ನಿನ್ನೆ ಇಲ್ಲೇ ಆನಿ ನಿಂತಿತ್ತು. ದಿನಾ ಜೀವ ಕೈಯಾಗ ಹಿಡ್ಕೊಂಡು ನಿಂದ್ರೂದು ನನ್ನಿಂದ ಆಗೂದಿಲ್ಲ.”

ಹುಡುಗಿ ಚೀಲವನ್ನು ಎದೆಗೆ ಅವುಚಿಕೊಂಡು ನೆಲ ನೋಡುತ್ತಿದ್ದಳು. ಅಕ್ಕಾರು ನನ್ನ ಕಡೆ ತಿರುಗಿದರು.

“ನೋಡಿದೇನವಾ? ಈ ಬಸ್ಸು ವಾಡಾದ ತನಕ ಹೋಗ್ಬೇಕು. ಹೋದ ದಿನ ನೀ ಪಾಸು. ಬರೀ ವರದಿಗೆ ನಾ ಸಹಿ ಹಾಕೂದಿಲ್ಲ.”

ಇದ್ಯಾವ ನ್ಯಾಯ! ಧಾರವಾಡದ ನಮ್ಮ ಸರ್‌ಗೆ ಫೋನು ಹಚ್ಚಿ ದೂರಿದೆ. “ಅವರು ಹೇಳಿದಂಗ ಮಾಡಿಬಿಡವಾ. ಅವರ ಕೂಡ ವಾದಾ ಮಾಡಾಕ ನಾ ಒಲ್ಲೆ” ಎಂದು ಸರ್ ಕೈಚೆಲ್ಲಿದರು. ನನ್ನ ಸೆಮಿಸ್ಟರ್ ಮುಗಿಯುವುದೂ ಹೆಚ್ಚುಕಡಿಮೆ ದಸರೆಯ ಹೊತ್ತಿಗೇ. ಹುಡುಗಿಯ ಕಾಲೇಜು, ನನ್ನ ಪದವಿ, ಎರಡೂ ಒಂದೇ ಬಸ್ಸಿಗೆ ಜೋತುಬಿದ್ದವು.

ಡಿಪೋಕ್ಕೆ ಹೋದೆ. ಬಸ್ಸು ಯಾಕೆ ಮುಂದೆ ಹೋಗುವುದಿಲ್ಲ ಎಂದು ಕೇಳಿದೆ. ಕಾರಣಗಳಿಗೇನು ಬರ? ವಾಡಾದಲ್ಲಿ ಬಸ್ಸು ತಿರುಗಿಸಲು ಜಾಗವಿಲ್ಲ. ಕತ್ತಲಲ್ಲಿ ವಾಪಸು ಬರಲು ಆನೆಗಳ ಕಾಟ. ವಸ್ತಿ ಬಸ್ಸು ಮಾಡಿ, ರಾತ್ರಿ ಅಲ್ಲೇ ನಿಂತು ಬೆಳಗ್ಗೆ ಬರಲಿ ಎಂದೆ. ಅಲ್ಲಿದ್ದ ಕಂಡಕ್ಟರ್ ಮುಖ ಕಿವುಚಿದ. “ಅಲ್ಲಿ ಮಲಗೂದೆಲ್ಲಿ? ಉಣ್ಣೂದೆಲ್ಲಿ?” ಉಣ್ಣುವುದು ಎನ್ನುವಾಗ ಅವನ ಮೂಗು ಮೇಲೇರಿದ್ದು ನನಗೆ ಕಂಡಿತು. ಸಿದ್ದಿಗಳ ಮನೆಯಲ್ಲಿ ಹೇಗೆ ಎಂದು ಅವನು ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅವನಿಗೆ ಸರಿಯಾಗಿ ನಾಲ್ಕು ಮಾತು ಬೈದೇ ಬಂದೆ.

ಅಕ್ಕಾರು ಎಲ್ಲ ಕೇಳಿಸಿಕೊಂಡರು. “ಉಣ್ಣೂದೆಲ್ಲಿ ಅಂದ್ನೇನು? ನಾ ಹುಟ್ಟಿದಾಗಿಂದ ಈ ಮಾತು ಕೇಳ್ಕೋತ ಬಂದಾಕಿ. ಬೈದ್ರ ಬಸ್ಸು ಬರೂ ಹಂಗಿದ್ರ ನಾ ಇಷ್ಟೊತ್ತಿಗೆ ವಿಮಾನನ ತರಸ್ತಿದ್ದೆ.” ಆಮೇಲೆ ಕುರ್ಚಿ ನನ್ನ ಹತ್ತಿರ ಎಳೆದುಕೊಂಡರು. “ಯಾಕ ಹೋಗೂದಿಲ್ಲ ಅಂತ ಕೇಳಿದಿ, ಕಾರಣ ಕೊಟ್ಟು ಕಳಿಸ್ಯಾರ. ಯಾರು ಬರ್ತೀರಿ ಅಂತ ಕೇಳು. ಒಬ್ಬ ಸಿಕ್ರ ಸಾಕು.”

ಎರಡು ವರ್ಷದ ಎಂ.ಎ.ಯಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮರುದಿನದಿಂದ ಡಿಪೋದ ಎದುರಿನ ಚಹಾದಂಗಡಿಯಲ್ಲಿ ಬೀಡುಬಿಟ್ಟೆ. ಗ್ಯಾರೇಜಿನಲ್ಲಿ ಬೆಳೆದವಳಿಗೆ ಡ್ರೈವರುಗಳೆಂದರೆ ಹೆದರಿಕೆಯೇ? ಕೆಲವರ ಜೊತೆ ಉರ್ದು, ಕೆಲವರ ಜೊತೆ ಕನ್ನಡ. “ಆನಿ ಬಂದ್ರ ಫುಲ್ ಟಿಕೆಟ್ ಹರೀಲೋ, ಹಾಫ್ ಹರೀಲೋ ಬೇಟಿ?” ಎಂದು ಕಾಡುವವರು, ಕೇಳಿಸದವರಂತೆ ಎದ್ದು ಹೋಗುವವರು. ದಸರೆ ಹತ್ತಿರಾಗುತ್ತಿತ್ತು. ಒಂದು ದಿನ ಮೂಲೆಯಲ್ಲಿ ಕುಳಿತಿದ್ದ ಮುಂಡಗೋಡ ಕಡೆಯ ಹಿರಿಯ ಡ್ರೈವರ್ ಕಾಕಾ ಕೇಳಿದರು.

“ಅಲ್ಲಿ ರಾತ್ರಿ ಗದ್ದಲ ಇರ್ತೈತೇನು?”

“ಕಪ್ಪಿ ಒದರೂದು ಬಿಟ್ರ ಏನೂ ಇಲ್ಲ ಕಾಕಾ.”

“ಹಂಗಾದ್ರ ನಾ ಬರ್ತೇನಿ. ಈ ಡಿಪೋದ ರೂಮಿನ್ಯಾಗ ಇವರ ಗೊರಕಿ ಕೇಳಿ ಕೇಳಿ ನನಗ ನಿದ್ದಿ ಅನ್ನೂದು ಮರ್ತ ಹೋಗೈತಿ.”

“ಊಟಾ?”

“ಹಸದಾವಗ ಯಾರ ಮನಿ ಆದ್ರೇನವಾ, ಬಿಸಿ ಇದ್ರ ಸಾಕು.”

ಕಚೇರಿಗೆ ಓಡಿಕೊಂಡೇ ಹೋದೆ. ಅಕ್ಕಾರು ಮೇಜು ಗುದ್ದಿದ ಸದ್ದಿಗೆ ಪಕ್ಕದ ಕೋಣೆಯವರು ಎದ್ದು ಬಂದರು. ಆ ರವಿವಾರ ಅಕ್ಕಾರು ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ನೇರ ವಾಡಾಕ್ಕೆ ಬಂದವರು ಸೀರೆ ಮೇಲೆ ಕಟ್ಟಿ ಮಣ್ಣಿನ ಬುಟ್ಟಿ ಹೊತ್ತರು. ಶಾಲೆಯ ಗುರುಗಳು ಬಸ್ಸು ತಿರುಗಿಸಲು ಮೈದಾನ ಬಿಟ್ಟುಕೊಟ್ಟರು. ವಾಡಾದ ಗಂಡಸರು ಕಲ್ಲು ಕಿತ್ತು ನೆಲ ಸಮ ಮಾಡಿದರು. ಹೆಂಗಸರು ಡ್ರೈವರ್ ಕಂಡಕ್ಟರ್ ಮಲಗಲು ಶಾಲೆಯ ಒಂದು ಕೋಣೆ ಸಾರಿಸಿದರು. ನಾನೂ ಮಣ್ಣು ಹೊತ್ತೆ. ಯಾರು ಹೆಚ್ಚು ಹೊತ್ತರು ಎಂದು ಅಕ್ಕಾರು ಇಂದಿಗೂ ಜಗಳ ತೆಗೆಯುತ್ತಾರೆ.

ಎಲ್ಲ ಹಿಡಿದುಕೊಂಡು ಡಿಪೋದ ಸಾಹೇಬರ ಮುಂದೆ ನಿಂತೆವು. ತಿರುಗಿಸಲು ಜಾಗ? ಐತ್ರಿ. ಮಲಗಲು ಕೋಣೆ? ಐತ್ರಿ. ಡ್ರೈವರ್? ಬಾಗಿಲಲ್ಲೇ ನಿಂತಾರ್ರಿ. ಆನೆ? ರಾತ್ರಿ ವಾಪಸು ಬರೂದ ಇಲ್ಲಲ್ರೀ. ಸಾಹೇಬರು ಇನ್ನೊಂದು ಕಾರಣ ಹುಡುಕುತ್ತ ಚಾವಣಿ ನೋಡಿದರು. “ಒಂದು ತಿಂಗಳು ನೋಡೂಣು” ಎಂದು ಒಪ್ಪಿದರು.

ದಸರಾ ಸೂಟಿಗೆ ಮುಂಚಿನ ವಾರ ಮೊದಲ ವಸ್ತಿ ಬಸ್ಸು ಹೊರಟಿತು. ಡ್ರೈವರ್ ಕಾಕಾ, ಪಕ್ಕದಲ್ಲಿ ಅದೇ ಕಂಡಕ್ಟರ್, ಅವನ ಕೈಯಲ್ಲಿ ಮನೆಯಿಂದ ತಂದ ಊಟದ ಡಬ್ಬಿ. ಒಂದು ವಾರ ಆ ಡಬ್ಬಿ ಬಂತು. ಆಮೇಲೆ ವಾಡಾದ ಕೋಳಿ ಸಾರಿನ ವಾಸನೆಗೆ ಸೋತು ಅವನೇ ತಟ್ಟೆ ಚಾಚಿದನಂತೆ. ಆ ಮೊದಲ ಸಂಜೆ ಅಕ್ಕಾರು, ನಾನು ಹಿಂದಿನ ಸೀಟಿನಲ್ಲಿ, ನಮ್ಮ ಮುಂದೆ ಆ ಹುಡುಗಿ. ಕುಳಗಿ ಹೋಯಿತು. ಕ್ರಾಸ್ ಬಂತು. ಕಂಡಕ್ಟರ್ ರೂಢಿಯಂತೆ “ಇಳಿಯೂರು ಯಾರು?” ಎಂದು ಕೂಗಿದ. ಹುಡುಗಿಯೂ ರೂಢಿಯಂತೆ ಚೀಲ ಹೆಗಲಿಗೇರಿಸಿ ಎದ್ದೇಬಿಟ್ಟಳು.

ಅಕ್ಕಾರು ಅವಳ ಭುಜ ಹಿಡಿದು ಕೂರಿಸಿದರು. “ಕುಂದ್ರ ಹುಡುಗಿ! ನಿನ್ನ ಮನಿ ಇನ್ನೂ ಮುಂದ ಐತಿ.”

ಬಸ್ಸೆಲ್ಲ ಹೋ ಎಂದು ಕೂಗಿತು. ಕಾಕಾ ಹಾರ್ನ್ ಒತ್ತಿ ಹಿಡಿದು ಕಾಡಿನ ರಸ್ತೆಗೆ ಬಸ್ಸು ಇಳಿಸಿದರು. ನಾನು ಅಳುತ್ತಿದ್ದೆ, ಅಕ್ಕಾರೂ ಅಳುತ್ತಿದ್ದರು, ಇಬ್ಬರೂ ನಗುತ್ತಲೂ ಇದ್ದೆವು. ವಾಡಾದಲ್ಲಿ ಡೋಲು ಬಾರಿಸಿ ಬಸ್ಸನ್ನು ಇದಿರುಗೊಂಡರು. ಆ ತಾಯಿ ಇವತ್ತು ಬರಿಗೈಯಲ್ಲಿ ಬಂದು ಅಕ್ಕಾರ ಎರಡೂ ಕೈ ಹಿಡಿದಳು. “ಸೂಟಿ ಮುಗದ ಮ್ಯಾಲೂ ಕಳಸ್ತೇನ್ರಿ” ಎಂದಳು. ಅಕ್ಕಾರು ಅಲ್ಲೇ, ಬಸ್ಸಿನ ಮೈಗೆ ನನ್ನ ಕಾಗದ ಒತ್ತಿ ಹಿಡಿದು ಸಹಿ ಹಾಕಿದರು. ಪೂರ್ತಿ ಅಂಕ ಕೊಡಲಿಲ್ಲ. “ಪೂರ್ತಿ ಕೊಟ್ರ ಸೊಕ್ಕು ಬರ್ತೈತಿ.”

ನಾನೀಗ ಜೋಯಿಡಾ ಕಡೆ ಹಳ್ಳಿಗಳಲ್ಲಿ ಕೆಲಸ ಮಾಡುತ್ತೇನೆ. ನಿವೃತ್ತರಾದ ಅಕ್ಕಾರು ತೇರಗಾಂವದಲ್ಲಿ ಮೆಣಸಿನ ಗಿಡ ಹಾಕಿಕೊಂಡು ಫೋನಿನಲ್ಲೇ ನನ್ನನ್ನು ಬೈಯುತ್ತಾರೆ. ಪದವಿ ಕೊಟ್ಟದ್ದು ವಿಶ್ವವಿದ್ಯಾಲಯ, ಇರಲಿ. ಈ ಎರಡು ಕೈಯಿಂದ ಏನಾದರೂ ಆದೀತು ಎಂಬ ಧೈರ್ಯ ಕೊಟ್ಟವರು ಅಕ್ಕಾರು. ಆ ಋಣ ತೀರುವಂಥದಲ್ಲ, ತೀರುವುದು ನನಗೆ ಬೇಕಾಗಿಯೂ ಇಲ್ಲ. ಮೊನ್ನೆ ಆ ಹುಡುಗಿ ಎಂ.ಎ. ಓದಲು ಧಾರವಾಡಕ್ಕೆ ಹೊರಟಳು. ಬೆಳಗಿನ ಬಸ್ಸನ್ನು ತನ್ನ ಮನೆಯ ಮುಂದೆಯೇ ಹತ್ತಿದಳು.